ಎದುರು ಕುರ್ಚಿ ಸಿಗದ ಸಂಜೆ

"ಎದುರುಬದುರು ಕೂರೋ ಟೇಬಲ್ ಒಂದೂ ಇಲ್ವಾ?" ಅವನು ಮತ್ತೊಮ್ಮೆ ಕೇಳಿದ.

ಜಪಾನಿ ಹೋಟೆಲಿನ ಸರ್ವರ್ ತಲೆಯಲ್ಲಾಡಿಸಿ, ಅಡುಗೆಯವನ ಮುಂದಿನ ಉದ್ದ ಕೌಂಟರ್ ತೋರಿಸಿದ. ಎರಡು ಸ್ಟೂಲು, ಅಕ್ಕಪಕ್ಕ.

"ಯಾಕ್ರೀ ಲಿಫ್ಟ್ ಸಾಹೇಬ್ರೇ, ಪಕ್ಕ ಕೂತ್ರೆ ನಾನೇನು ಕಚ್ತೀನಾ?" ಅವಳು ಹತ್ತಿ ಕೂತೇಬಿಟ್ಟಳು.

ಅವನು ಲಿಫ್ಟ್ ಮೆಕ್ಯಾನಿಕ್. ಅವಳು ಆಸ್ಪತ್ರೆ ಕ್ಯಾಂಟೀನಿನ ಅಡುಗೆಯವಳು. ಕೆಟ್ಟು ನಿಂತ ಲಿಫ್ಟಿನಿಂದ ಅವಳನ್ನು ಹೊರಗೆಳೆದ ದಿನವೇ ಈ ಬಿರುದು ಸಿಕ್ಕಿತ್ತು. ಅಕ್ಕನ ಜೊತೆ ಸ್ವಂತ ಹೋಟೆಲ್ ಇಡಬೇಕೆನ್ನುವುದು ಅವಳ ಹಟ. ಅವಳ ಮನೆಯ ಬೀದಿಯಲ್ಲೋ ಲೋಕವೇ ಒಲೆ ಹಚ್ಚಿಕೊಂಡು ಕೂತಿತ್ತು. ಲಾಂಡ್ರಿ ಪಕ್ಕ ಚೀನಾದವರು, ಅವರ ತಲೆ ಮೇಲಿನ ಮಹಡಿಯಲ್ಲಿ ಇಥಿಯೋಪಿಯಾದವರು, ಔಷಧಿ ಅಂಗಡಿ ದಾಟಿದರೆ ಲೆಬನಾನಿನವರು, ಎದುರಿಗೆ ಮೆಕ್ಸಿಕೊದವರು, ಮೂಲೆಯಲ್ಲಿ ಈ ಜಪಾನಿನವರು. "ಎಲ್ಲಾ ಕಡೆ ತಿಂದು ನೋಡೋಣ. ನೀವು ರುಚಿ ಹೇಳಿ," ಎಂದಿದ್ದಳು. ಅವನು ಹೂಂ ಎಂದಿದ್ದ.

ಎನ್ನಬಾರದಿತ್ತು. ಹಿಂದೊಮ್ಮೆ ಬಂದ ಜ್ವರ ಹೋಗುವಾಗ ಅವನ ರುಚಿ, ವಾಸನೆ ಎರಡನ್ನೂ ಗಂಟು ಕಟ್ಟಿಕೊಂಡು ಹೋಗಿತ್ತು. ಹೇಳಿದರೆ ಅವಳು ಬೇರೆ ಯಾರನ್ನೋ ಕರೆದುಕೊಂಡು ಹೋದಾಳು. ಅದಕ್ಕೇ ಎದುರು ಕೂತು, ಅವಳ ಮುಖ ಓದಿ ಹೇಳುತ್ತಿದ್ದ. ಹುಬ್ಬು ಏರಿದರೆ ಖಾರ. ಕಣ್ಣು ತಾನಾಗಿ ಮುಚ್ಚಿದರೆ ಸೊಗಸು.

ಇವತ್ತು ಕಾಣುತ್ತಿದ್ದುದು ಕಿವಿಯ ಹಿಂದೆ ಸಿಕ್ಕಿಸಿದ ಕೂದಲು, ಓಲೆಯ ಸಣ್ಣ ಮಿನುಗು. ಬೇರೆ ದಿನವಾಗಿದ್ದರೆ ಅಷ್ಟೇ ಸಾಕಿತ್ತು.

ಅವಳು ಅತ್ತಿತ್ತ ನೋಡಿ, ಬ್ಯಾಗಿನಿಂದ ಪುಟ್ಟ ಡಬ್ಬಿ ತೆಗೆದು ಅವನ ಕೈಗೆ ತುರುಕಿದಳು. "ಬೇಗ. ಹೊರಗಿನ ಊಟ ಅಂತ ಗೊತ್ತಾದ್ರೆ ಓಡಿಸ್ತಾರೆ."

"ಏನಿದು?"

"ಸುಟ್ಟ ಬದನೆಕಾಯಿಗೆ ಮೊಸರು. ನಾಳೆ ನಮ್ಮ ಹೋಟೆಲಿಗೆ ಅಂತ ನೋಡಿರೋ ಅಂಗಡಿ ಯಜಮಾನ್ರಿಗೆ ಇದನ್ನೇ ಬಡಿಸ್ಬೇಕು. ಒಪ್ಪಿದ್ರೆ ಜಾಗ ನಮ್ದು. ಅಕ್ಕಂಗೂ ಕೊಟ್ಟಿಲ್ಲ. ನನ್ನ ನಾಲಿಗೆ ಮೇಲೆ ನಂಗೆ ನಂಬ್ಕೆ ಇಲ್ಲ ಸಾಹೇಬ್ರೇ, ನಿಮ್ಮದರ ಮೇಲಿದೆ."

ಅವನು ಒಂದು ಚಮಚ ತಿಂದ. ಮೆತ್ತಗಿತ್ತು. ಅಷ್ಟೇ. ಎದುರಿನ ಗಾಜಿನಲ್ಲಾದರೂ ಅವಳ ಮುಖ ಕಂಡೀತೇ ಎಂದು ಬಾಗಿದ. ಗಾಜಿನ ತುಂಬ ಹಬೆ. ಪಕ್ಕದಲ್ಲಿ ಅವಳು ತಾನಿನ್ನೂ ತಿನ್ನದೆ ಅವನ ಮಾತಿಗೇ ಕಾಯುತ್ತಿದ್ದಳು.

"ಹದವಾಗಿದೆ," ಎಂದ. "ಹೀಗೇ ಬಡಿಸಿ."

"ನಿಜವಾಗ್ಲೂ?"

"ನಿಜವಾಗ್ಲೂ."

ಅವಳು ಹಿಗ್ಗಿ ತಾನೂ ಬಾಯಿಗಿಟ್ಟಳು. ಮರುಗಳಿಗೆ ಟಿಶ್ಯೂಗೆ ಉಗಿದಳು.

"ಹಳಸಿದೆ! ಬ್ಯಾಗಲ್ಲೇ ಕೆಟ್ಟಿದೆ. ಮೂಗಿನ ಹತ್ರ ಹಿಡಿದ್ರೇ ಗೊತ್ತಾಗುತ್ತೆ." ದನಿ ಇಳಿಯಿತು. "ಇದನ್ನ ಹದ ಅಂದ್ರಾ? ರೋಗಿಗಳಿಗೆ ಅಡುಗೆ ಮಾಡೋಳು ನಾನು. ನನ್ನ ಖುಷಿಪಡಿಸೋಕೆ ಹಳಸಿದ್ದನ್ನೂ ಹೊಗಳ್ತೀರಾ? ಇಷ್ಟು ದಿನ ಹೇಳಿದ್ದೆಲ್ಲ ಬರೀ ಬೆಣ್ಣೆ ಹಚ್ಚಿದ್ದಾ?"

ಅವಳು ಬ್ಯಾಗ್ ಹೆಗಲಿಗೇರಿಸಿ ಎದ್ದಳು. ಹೌದು ಎಂದರೆ ಒಂದು ವಾರ ಮುನಿಸು, ಅಷ್ಟೇ. ನಿಜ ಹೇಳಿದರೆ?

"ರುಚಿ ಗೊತ್ತಾಗಲ್ಲ ನಂಗೆ. ವಾಸನೇನೂ. ನೀವು ಸಿಗೋ ಮುಂಚಿಂದ."

"ಮತ್ತೆ ಲೆಬನಾನಿನವರಲ್ಲಿ ಹುಳಿ ಮುಂದಿದೆ ಅಂದ್ರಲ್ಲ, ಸರಿಯಾಗಿತ್ತಲ್ಲ?"

"ನೀವು ಎಡಗಣ್ಣು ಕಿರಿದು ಮಾಡಿದ್ರಿ."

"ಚೀನಾದವರ ಸೂಪು?"

"ತುಟಿ ಒರೆಸ್ಕೊಳ್ದೆ ಇನ್ನೊಂದು ಗುಟುಕು ಕುಡಿದ್ರಿ. ಇಡೀ ಬೀದೀನ ನಿಮ್ಮ ಮುಖದಲ್ಲೇ ಉಂಡಿದ್ದೀನಿ ನಾನು."

ಅವಳು ದಿಟ್ಟಿಸಿದಳು. "ಹಾಗಾದ್ರೆ ಇಷ್ಟು ದಿನ ರುಚಿ ಹೇಳ್ತಿದ್ದೋಳು ನಾನೇನಾ?"

"ಒಂದು ದಿನಾನೂ ತಪ್ಪು ಹೇಳಿಲ್ಲ ನೀವು."

"ನಾಳೆ ಹೊಸದಾಗಿ ಮಾಡಿ ನಾನೇ ನೋಡ್ಕೋತೀನಿ. ನೀವು ಬರೋದು ಬೇಡ."

ಬಾಗಿಲವರೆಗೂ ನಡೆದಳು. ಅವನು ತಲೆ ತಗ್ಗಿಸಿ ಕೂತ. ಮುಗಿಯಿತು ಅಂದುಕೊಂಡ.

ಧಡಧಡ ವಾಪಸ್ ಬಂದಳು. "ವಾಸನೆ ಸ್ವಲ್ಪಾನೂ ಬರಲ್ವಾ?"

"ಇಲ್ಲ."

"ಗ್ಯಾಸ್ ಲೀಕ್ ಆದ್ರೆ? ಹಾಲು ಸೀದ್ರೆ? ಬೆಳಿಗ್ಗೆ ನಾನು ಕೆಲಸಕ್ಕೆ ಹೋದ್ಮೇಲೆ ಮನೇಲಿ ನೀವೊಬ್ರೇ ಇದ್ದು, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಏನ್ರೀ ಗತಿ?"

ಕೌಂಟರಿನಾಚೆ ಅಡುಗೆಯವನ ಚಾಕು ನಿಂತಿತು.

"ಯಾರ ಮನೇಲಿ?" ಅವನು ಮೆಲ್ಲಗೆ ಕೇಳಿದ.

ಅವಳ ಮುಖಕ್ಕೆ ಒಂದು ಬಣ್ಣ ಏರಿತು. ಈ ಬೀದಿಯ ಯಾವ ಊಟಕ್ಕೂ ಅವನು ಅದನ್ನು ಕಂಡಿರಲಿಲ್ಲ.

"ನಮ್ಮನೇಲಿ," ಎಂದಳು, ಇನ್ನೂ ಸಿಟ್ಟಿನಲ್ಲೇ.