ಸೂಜಿಗೆ ಹೆದರಿದವನ ಕೌದಿ

"ಆ ಕೌದಿ ಮುಟ್ಟಬ್ಯಾಡ. ಅದ ನನ್ನ ಮಗನ ಗಂಟಲಾ ಹೊಲದದ್ದು," ಎಂದಳು ಅತ್ತೆ ಕಲ್ಲವ್ವ.

ಮಗನ ಮಣ್ಣಿಗೆ ಬಂದ ನೆಂಟರು ರೋಣದ ಬಸ್ಸು ಹತ್ತಿದ್ದರು. ಹಾಲಿನವನು ಎಂದಿನಂತೆ ಬಂದು ಹೋಗಿದ್ದ. ಧಾರವಾಡದಲ್ಲಿ ಎಂ.ಎ. ಓದಿ, ಹೋದ ವರ್ಷ ಗಜೇಂದ್ರಗಡಕ್ಕೆ ಸೊಸೆಯಾಗಿ ಬಂದಿದ್ದ ಐಶ್ವರ್ಯಾ ಕೌದಿಯನ್ನು ಎಳೆದು ಹೆಗಲಿಗೆ ಹಾಕಿಕೊಂಡಳು.

ಗಂಡ ಪ್ರಭುಲಿಂಗ ವಾರಪತ್ರಿಕೆಗೆ ಮಾಟದ ಕತೆ ಬರೆಯುತ್ತಿದ್ದ. ಕತೆ ಯಾವುದಾದರೂ ಮಾಟಗಾತಿ ಒಬ್ಬಳೇ: ಸುರ್ಮಾ ಕಣ್ಣು, ಲೋಬಾನದ ವಾಸನೆ, ಕೈಯಲ್ಲಿ ಸೂಜಿ. ಸತ್ತವರ ಬಟ್ಟೆ ಹೊಲಿದು ಬದುಕಿದವರ ಗಂಟಲು ಮುಚ್ಚುವವಳು. ಅವಳು ಓಣಿಯ ತುದಿಯಲ್ಲಿ ಕೌದಿ ಹೊಲಿಯುವ ಬದರುನ್ನಿಸಾ ಎಂದು ಓದಿದವರಿಗೆಲ್ಲ ಗೊತ್ತಿತ್ತು. ಕತೆಗೆ ಬೇಕೆಂದು ಅವಳಿಂದಲೇ ಈ ಕೌದಿ ಇಸಿದುಕೊಂಡವನು ತಿರುಗಿ ಕೊಟ್ಟಿರಲಿಲ್ಲ.

ಸಾಯುವಾಗ ನೀರು ಕಂಡರೆ ಚೀರುತ್ತಿದ್ದ. "ಗಂಟಲಾ ಹೊಲೀತಾಳ!" ಓಣಿ ನಂಬಿತು. ಡಾಕ್ಟರ ಮಾತು ಕೇಳಿಸಿಕೊಂಡವಳು ಐಶ್ವರ್ಯಾ ಒಬ್ಬಳೇ. ಹುಚ್ಚುನಾಯಿ ಕಚ್ಚಿತ್ತು, ಇಂಜೆಕ್ಷನ್ನಿನ ಸೂಜಿ ನೋಡಿ ದವಾಖಾನೆಯಿಂದ ಓಡಿದ್ದ ಶೂರ. ಚಿಕ್ಕಂದಿನಿಂದ ಅಂಜಿದ್ದು ಸೂಜಿಗೆ, ಅಸಹ್ಯಪಟ್ಟದ್ದು ಸಾಬರನ್ನು ಕಂಡು. ಎರಡನ್ನೂ ಕೂಡಿಸಿದರೆ ಅವನಿಗೊಂದು ಕತೆ.

"ಸಂಜಿಕ್ಕ ಆಕಿ ಮನಿ ಮುಂದ ಇದನ್ನ ಸುಡ್ತಾರ," ಎಂದಳು ಅತ್ತೆ. "ಆಕಿನ್ನ ಊರು ಬಿಡಸ್ತಾರ."

"ನಾಯಿ ಕಚ್ಚಿತ್ತಂತ ನಾ ಹೇಳ್ತೀನ್ರಿ."

"ಹೇಳು. ಗಂಡನ್ನ ನುಂಗಿದಾಕಿ ಮಾತು ಯಾರು ಕೇಳ್ತಾರ?"

ಐಶ್ವರ್ಯಾ ಕೌದಿಯನ್ನು ತಲೆತುಂಬ ಹೊದ್ದು ಬೀದಿಗಿಳಿದಳು. ಇದರಲ್ಲಿ ಮಾಟವಿಲ್ಲವೆಂದು ಓಣಿ ನೋಡಲಿ.

ಕೌದಿಯೊಳಗೆ ಕತ್ತಲೆ. ಲೋಬಾನದ ವಾಸನೆ. ಅದರಡಿ ಹುಳಿತ ಜೊಲ್ಲಿನ ವಾಸನೆ, ಅವನದು. ಕಿವಿಯ ಹಿಂದೆ ಸರ್ರನೆ ಯಾರೋ ದಾರ ಎಳೆದರು. ನಿಂತಳು. ಮತ್ತೆ ಸರ್ರ್. ಅರಿವೆ ಕೊರಳಿಗೆ ಬಿಗಿಯಿತು. ಉಗುಳು ಇಳಿಯಲಿಲ್ಲ. ಬಾಯಿ ಬಿಡಲಾಗಲಿಲ್ಲ. ಸೂಜಿ. ಚರ್ಮದೊಳಗೆ ಸೂಜಿ. ಮುದುಕಿಯ ಮಾಟ? ಥೂ. ಅವನೇ. ಸತ್ತ ಮೇಲೂ ಅಡಗಲು ಹೆಂಡತಿಯ ಗಂಟಲು ಹುಡುಕಿಕೊಂಡು ಬಂದಿದ್ದ ಹೇಡಿ.

ಬದರುನ್ನಿಸಾಳ ಕಟ್ಟೆಯ ಮುಂದೆ ಆಗಲೇ ಜನ ಕೂಡಿದ್ದರು. ಕಾಯಿನ್ ಬಾಕ್ಸ್ ಅಂಗಡಿಯ ಕರೆಪ್ಪ ಕೇಳಿದ, "ಏನ್ರೀ ವೈನಿ, ಚಳಿ ಭಾಳ ಆತೇನು?"

ಕೌದಿಯನ್ನು ಎರಡೂ ಕೈಯಿಂದ ಕಿತ್ತಳು. ಕೊರಳು ಉರಿಯಿತು.

"ನಾಯಿ ಕಚ್ಚಿ ಸತ್ತಾನ! ಡಾಕ್ಟರನ್ನ ಕೇಳ್ರಿ. ಸೂಜಿಗಂಜಿ ಓಡಿ ಬಂದು ಸತ್ತಾನ!"

ಕರೆಪ್ಪ ಕಿಸಕ್ಕೆಂದ. "ನಮ್ಮ ದೆವ್ವದ ಸಾಹಿತಿ? ಸೂಜಿಗೆ?"

ಓಣಿ ನಕ್ಕಿತು. ಅವನ ಕತೆಗಳನ್ನೆಲ್ಲ ಮುಗಿಸಲು ಅಷ್ಟು ನಗು ಸಾಕಾಯಿತು. ಸುಡುವ ಮಾತು ಯಾರೂ ಎತ್ತಲಿಲ್ಲ, ಒಬ್ಬೊಬ್ಬರೇ ಕರಗಿದರು.

ಬದರುನ್ನಿಸಾ ಮಾತ್ರ ನಗಲಿಲ್ಲ. ಅವಳ ಕಣ್ಣು ಐಶ್ವರ್ಯಾಳ ಕೊರಳಲ್ಲಿ ನೆಟ್ಟಿತ್ತು. ಅಲ್ಲಿ ಕೆಂಪು ಚುಕ್ಕಿಗಳು ಸಾಲಾಗಿ ಎದ್ದಿದ್ದವು, ಹೊಲಿಗೆ ಬಿಚ್ಚಿದ ಬಟ್ಟೆಯಲ್ಲಿ ಉಳಿಯುವಂಥವು.

ಐಶ್ವರ್ಯಾ ಕೌದಿ ಚಾಚಿದಳು. ಮುದುಕಿ ಕೈ ಹಿಂದಕ್ಕೆಳೆದು ಗೋಡೆಗೆ ಅಂಟಿದಳು.

"ಅಲ್ಲೇ ಇಡವಾ. ನನ್ನ ಮುಟ್ಟಬ್ಯಾಡ. ನಿನ್ನ ಕೊಳ್ಳಾಗಿನ ಹೊಲಿಗಿ ನಂದಲ್ಲ."

ಕೌದಿಯನ್ನು ಮಡಚಿ ಕಟ್ಟೆಯ ಮೇಲಿಟ್ಟಳು.