ಎಡಗಡೆಯ ಸೀಟು

"ಮತ್ತ ಅದೇ ತ್ರಾಸು ನೋಡ್ರಿ, ತೌಸಿಫ್ ಭಾಯಿ."

ಖುಶನುಮಾ ಕಾರಿನಿಂದ ಇಳಿಯಲಿಲ್ಲ. ಇಳಿಯುವುದೆಂದರೆ ಒಂದು ಕಸರತ್ತು. ಆ ಹಳದಿ ಕಾರಿಗೆ ಬಾಗಿಲೂ ಇಲ್ಲ, ಮೇಲೆ ಮುಚ್ಚಳವೂ ಇಲ್ಲ. ಕೂತಲ್ಲಿಂದಲೇ ತಲೆಗೆ ಬಿಗಿದಿದ್ದ ಸ್ಕಾರ್ಫ್ ಸಡಿಲಿಸಿ, ಕನ್ನಡಕವನ್ನು ಹಣೆಗೇರಿಸಿ ಅವನನ್ನು ನೋಡಿದಳು. ಬಾಗಲಕೋಟೆಯಿಂದ ಇಳಕಲ್ಲಿನವರೆಗಿನ ಧೂಳೆಲ್ಲ ಅವಳ ಕೆನ್ನೆಯ ಮೇಲಿತ್ತು. ಕಣ್ಣಿನ ಸುತ್ತ ಮಾತ್ರ ಕನ್ನಡಕ ಕಾಪಾಡಿದ ಎರಡು ದುಂಡು ಜಾಗ.

ತೌಸಿಫನಿಗೆ ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ಮಾಡಿಕೊಟ್ಟ ಕೆಲಸ ಸರಿಯಾಗಿಲ್ಲವೆಂದು ಗಿರಾಕಿ ಮೂರನೆಯ ಸಲ ಬಂದು ನಿಂತರೆ ಯಾವ ಮೆಕ್ಯಾನಿಕ್ ಖುಷಿಪಡುತ್ತಾನೆ?

"ಜೋರು ಬ್ರೇಕ್ ಒತ್ತಿದ್ರ ಎಡಗಡೆ ಮುಂದಿನ ಗಾಲಿ ಸಿಕ್ಕೊಂಡು ಜಾರ್ತೈತಿ. ನೀವು ಬಾಜೂಕ ಕುಂತಾಗ ಬರೋಬ್ಬರಿ ಇರ್ತೈತಿ. ನಾ ಒಬ್ಬಾಕಿನ ಇದ್ರ ಹಿಂಗ."

ಹೇಳಿ ಅವಳು ಸ್ಕಾರ್ಫಿನ ಧೂಳು ಕೊಡವಿದಳು. ತೌಸಿಫ ಮಾತ್ರ ಆ ಮಾತಿನಲ್ಲೇ ಸಿಕ್ಕಿಹಾಕಿಕೊಂಡ. ಅವಳು ಕಾರಿನ ವಿಷಯ ಹೇಳಿದಳೋ, ಬೇರೇನಾದರೂ ಹೇಳಿದಳೋ? ಮುಖ ನೋಡಿದರೆ ಏನೂ ತಿಳಿಯದು. ಅದು ಹಲ್ಲಿನ ಡಾಕ್ಟರ ಮುಖ. ಎಷ್ಟು ನೋವಾಗಲಿದೆಯೆಂದು ಯಾರಿಗೂ ಗೊತ್ತುಮಾಡದ ಮುಖ.

"ಬಂತೇನ ಚಪ್ಪಲಿ?" ಬೇವಿನ ಗಿಡದ ನೆರಳಿನಿಂದ ಅಬ್ಬಾ ಇಬ್ರಾಹಿಂಸಾಬರು ಕೇಳಿದರು. ಗ್ರಾನೈಟ್ ಪಾಲಿಶ್ ಮಾಡಿ ಜೀವನ ಸವೆಸಿದ ಅವರಿಗೆ ಆ ಕಾರು ಕಾರೆಂದು ಅನಿಸಿದ್ದೇ ಇಲ್ಲ. "ಕಾಲಿಗೆ ಮೆಟ್ಟಿಕೊಂಡು ಹೋಗೂವಂಥಾದ್ದು ಅದು," ಎನ್ನುತ್ತಿದ್ದರು.

"ಬಂತ್ರಿ ಕಾಕಾ. ನಿಮ್ಮ ಮಗಾ ಹೊಲದು ಕೊಟ್ಟದ್ದು ಮತ್ತ ಕಚ್ಚಾಕ ಹತ್ತೈತಿ," ಎಂದಳು ಖುಶನುಮಾ.

ಅಬ್ಬಾ ನಕ್ಕರು. ಮಗ ನಗಲಿಲ್ಲ.

ಆ ಕಾರು ಕಬ್ಬಿಣದ ಪೈಪುಗಳ ಒಂದು ಚೌಕಟ್ಟು, ಮೇಲೆ ಫೈಬರಿನ ಹೊದಿಕೆ, ಎರಡು ಸೀಟು, ಒಂದು ಪುಟ್ಟ ಇಂಜಿನ್. ಅಷ್ಟೇ. ಮನೆಮಂದಿ ಕೂತು ಹೋಗುವ ಕಾರಿನ ಅರ್ಧದಷ್ಟು ಭಾರವಿದ್ದರೆ ಹೆಚ್ಚು. ಕೊಲ್ಹಾಪುರದಲ್ಲಿ ಯಾರೋ ಹವ್ಯಾಸಿ ಮನೆಯಂಗಳದಲ್ಲಿ ಕಟ್ಟಿದ್ದನ್ನು ಖುಶನುಮಾ ಮನೆಯವರ ಬೈಗುಳದ ನಡುವೆ ಕೊಂಡು ತಂದಿದ್ದಳು. ಬರುವ ತಿಂಗಳು ಕೊಯಿಮತ್ತೂರಿನ ರೇಸ್ ಟ್ರ್ಯಾಕಿನಲ್ಲಿ ಅದನ್ನು ಓಡಿಸಬೇಕೆಂಬುದು ಅವಳ ಆಸೆ. ಅಲ್ಲಿ ಪಕ್ಕದಲ್ಲಿ ಯಾರೂ ಕೂರುವಂತಿಲ್ಲ.

ಇಂಥ ಹಗುರ ಕಾರನ್ನು ಹದಗೊಳಿಸುವುದು ಪುಣೆಯ ರೇಸ್ ಗ್ಯಾರೇಜಿನಲ್ಲಿ ಉಸ್ತಾದರ ಕೈಕೆಳಗೆ ತೌಸಿಫ ಕಲಿತು ಬಂದ ವಿದ್ಯೆ. ನಾಲ್ಕು ಗಾಲಿಗಳ ಕೆಳಗೆ ನಾಲ್ಕು ತಕ್ಕಡಿ. ಓಡಿಸುವವರು ಸೀಟಿನಲ್ಲಿ ಕೂರಬೇಕು. ಯಾವ ಗಾಲಿಯ ಮೇಲೆ ಎಷ್ಟು ಭಾರ ಬಿದ್ದಿದೆಯೆಂದು ನೋಡಿ ಸ್ಪ್ರಿಂಗುಗಳ ಬುಡದ ಕಾಲರ್ ಬಳೆಯನ್ನು ಪಾನಾ ಹಾಕಿ ಒಂಚೂರು ಏರಿಸಬೇಕು, ಒಂಚೂರು ಇಳಿಸಬೇಕು. ಕುರ್ಚಿಯ ಒಂದು ಕಾಲು ಗಿಡ್ಡವಿದ್ದರೆ ಕೂತವರು ಹೇಗೆ ಓಲಾಡುತ್ತಾರೋ ಹಾಗೆ ಈ ಕಾರೂ ಓಲಾಡುತ್ತದೆ. "ಜೇಬಿನ್ಯಾಗ ಒಂದು ಬಾಳೆಹಣ್ಣು ಇಟ್ಕೊಂಡು ಕುಂತ್ರೂ ಇದಕ್ಕ ಗೊತ್ತಾಗ್ತೈತ್ರಿ," ಎಂದು ಮೊದಲ ದಿನ ಅವನೇ ಜಂಬದಿಂದ ಹೇಳಿದ್ದ.

"ಮತ್ತೊಮ್ಮೆ ತೂಕ ಮಾಡೂಣು," ಎಂದ ಈಗ.

ಕಾರು ತಕ್ಕಡಿಗಳ ಮೇಲೇರಿತು. ಅವಳು ಸ್ಟೇರಿಂಗ್ ಹಿಡಿದು ಕೂತಳು. ಅವನು ಎಂದಿನಂತೆ ಎಡಗಡೆಯ ಸೀಟಿನಲ್ಲಿ ಕೂತು, ತೂಕ ತೋರಿಸುವ ಅಂಗೈಯಗಲದ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡ. ಇಳಿದು ಪಾನಾ ತಿರುಗಿಸಿ, ಮತ್ತೆ ಏರಿ ಕೂತು ನೋಡುವುದು. ಅಷ್ಟರ ನಡುವೆ ಖುಶನುಮಾಳ ಕಥೆಗಳು. ಬಾದಾಮಿಯ ಮುದುಕನೊಬ್ಬ ಹಲ್ಲಿನ ಸೆಟ್ಟನ್ನು ಮಂಗ ಎತ್ತಿಕೊಂಡು ಹೋಯಿತೆಂದು ಅಳುತ್ತ ಬಂದದ್ದು, ಹಲ್ಲು ಕೀಳಿಸಿಕೊಂಡ ಹೆಂಗಸೊಬ್ಬಳು ಅದನ್ನು ಮನೆಗೆ ಒಯ್ಯಲು ಕೊಡಿರೆಂದು ಹಟ ಹಿಡಿದದ್ದು. ಹೇಳುವಾಗ ಅವಳ ಎಡಗೈ ಗಾಳಿಯಲ್ಲಿ ಆಡುತ್ತಿತ್ತು. ಇಕ್ಕಟ್ಟಿನ ಕಾರಾದ್ದರಿಂದ ಆಗಾಗ ಅವನ ತೋಳಿಗೆ ತಾಗುತ್ತಿತ್ತು. ತಾಗಿದ ಮೇಲೆ ಇಬ್ಬರೂ ಯಂತ್ರದ ಪರದೆಯನ್ನು ಬಹಳ ಗಂಭೀರವಾಗಿ ನೋಡುತ್ತಿದ್ದರು.

ಅಂಕಿಗಳು ಮುತ್ತು ಪೋಣಿಸಿದಂತೆ ಸರಿ ಇದ್ದವು.

ಶಿವಯೋಗ ಮಂದಿರದ ಕಡೆಯ ತಿರುವುಗಳಲ್ಲಿ ಇಬ್ಬರೂ ಹೋಗಿ ನೋಡಿದರು. ಕಾರು ಮಲಪ್ರಭೆಯ ಪಕ್ಕದಲ್ಲಿ ಮೀನಿನಂತೆ ನುಣುಚಿತು. ಬ್ರೇಕ್ ಒತ್ತಿದಲ್ಲಿ ನೆಟ್ಟಗೆ ನಿಂತಿತು. ಖುಶನುಮಾ ಹುಬ್ಬು ಗಂಟಿಕ್ಕಿದಳು. "ಈಗ ನೋಡ್ರಿ, ಶಾಣ್ಯಾ ಹುಡುಗನ ಗತೆ ನಡೀತೈತಿ."

ಮರುದಿನ ಬೆಳಿಗ್ಗೆ ಫೋನ್ ಬಂತು. ಒಬ್ಬಳೇ ಕಮತಗಿ ದಾಟಿದ್ದಳಂತೆ. ಮತ್ತೆ ಅದೇ.

ತೌಸಿಫ ಟೈರು ಬದಲಿಸಿದ. ಬ್ರೇಕ್ ಬಿಚ್ಚಿ ನೋಡಿದ. ಕಡೆಗೆ ಗ್ಯಾರೇಜಿನ ನೆಲವೇ ಸೊಟ್ಟಗಿರಬೇಕೆಂದು ಗೊಣಗಿದ. ಅದನ್ನು ಹಾಸಿದ್ದು ಅಬ್ಬಾ, ತಮ್ಮ ಕೈಯಿಂದ ಆರಿಸಿದ ಕೆಂಪು ಕಲ್ಲಿನಲ್ಲಿ. ಅವರು ಎದ್ದು ಹೋಗಿ ನೀರು ತುಂಬಿದ ಲೆವೆಲ್ ಪೈಪು ತಂದು, ಮೂಲೆಯಿಂದ ಮೂಲೆಗೆ ಹಿಡಿದು ತೋರಿಸಿದರು. ನೀರು ಕೂದಲೆಳೆಯಷ್ಟೂ ಅಲುಗಲಿಲ್ಲ.

"ನೆಲ ನೆಟ್ಟಗೈತಿ. ಸೊಟ್ಟ ಆಗಿದ್ದು ಬ್ಯಾರೆ ಏನೋ ಐತಿ," ಎಂದು ಮಗನ ಮುಖ ನೋಡಿ ಪೈಪು ಸುತ್ತಿಕೊಂಡು ಹೋದರು.

ತೌಸಿಫನ ತಲೆಯಲ್ಲಿ ಎರಡೇ ದಾರಿ ಉಳಿದವು. ಒಂದೋ ತನಗೆ ಕೆಲಸ ಬರುವುದಿಲ್ಲ. ಇಲ್ಲವೇ ಕಾರಿಗೆ ಏನೂ ಆಗಿಯೇ ಇಲ್ಲ, ಅವಳು ತನ್ನನ್ನು ನೋಡಲು ಬರುತ್ತಿದ್ದಾಳೆ. ಎರಡನೆಯದು ಎಷ್ಟು ಸಿಹಿಯಾಗಿತ್ತೆಂದರೆ ಅವನು ಅದನ್ನೇ ನಂಬಿಬಿಟ್ಟ. ನಂಬಿದ ಮೇಲೆ ಧೈರ್ಯವೂ ಬಂತು. ಮುಂದಿನ ಸಲ ಅವಳು ಬಂದಾಗ, ಕೈ ಒರೆಸಿಕೊಳ್ಳುತ್ತ, ಎಲ್ಲೋ ನೋಡುತ್ತ ಹೇಳಿದ:

"ಡಾಕ್ಟರ್ರ, ಒಂದು ಮಾತು. ನೀವು ಇಲ್ಲಿ ಬರಾಕ ಗಾಡಿ ಕೆಡಬೇಕಂತೇನಿಲ್ರಿ. ಸುಮ್ಮನ ಬಂದ್ರೂ ನಡೀತೈತಿ."

ಗೆದ್ದೆ ಅಂದುಕೊಂಡ. ತಿರುಗಿ ನೋಡಿದರೆ ಖುಶನುಮಾಳ ಮುಖ ಕೆಂಪಾಗಿತ್ತು. ಅದು ನಾಚಿಕೆಯ ಕೆಂಪಲ್ಲ.

"ಅಂದ್ರ ನಾ ಸುಳ್ಳು ಹೇಳಾಕ ಹತ್ತೇನಿ?"

"ಹಂಗಲ್ರಿ..."

"ಹಲ್ಲು ನೋವು ಅಂತ ಬಂದವರಿಗೆ ನಾ ಒಂದು ದಿನಾನೂ ನಿನಗ ನೋವೇ ಇಲ್ಲ ಅಂದಿಲ್ಲ, ತೌಸಿಫ್ ಭಾಯಿ. ಎಕ್ಸರೇದಾಗ ಕಾಣಲಿಲ್ಲಂದ್ರ ನನ್ನ ಕಣ್ಣು ತಪ್ಪೈತಿ ಅಂತೇನಿ." ಅವಳು ಕನ್ನಡಕ ಇಳಿಸಿದಳು. "ಬರೂ ಆಯಿತವಾರ ಗಾಡಿ ಪುಣೆಕ್ಕ ಒಯ್ತೇನಿ. ನಿಮ್ಮ ಉಸ್ತಾದರ ಕಡೆ."

ಹಳದಿ ಕಾರು ಹುನಗುಂದದ ದಾರಿ ಹಿಡಿಯಿತು. ತೌಸಿಫ ಅಲ್ಲೇ ನಿಂತ. ಇದ್ದ ಹೆಸರು ಪುಣೆಗೆ ಹೊರಟಿತ್ತು. ಇದ್ದ ಆಸೆ ಮುನಿಸಿಕೊಂಡು ಹೋಗಿತ್ತು. ಯಾವುದಕ್ಕೆ ಹೆಚ್ಚು ಸಂಕಟವೆಂದು ತನ್ನನ್ನೇ ಕೇಳಿಕೊಂಡ. ಉತ್ತರ ಬೇಗ ಸಿಕ್ಕಿತು, ಅದಕ್ಕೇ ಹೆದರಿಕೆಯಾಯಿತು.

ಶನಿವಾರ ಬಸ್ ಹತ್ತಿದ. ಕ್ಷಮೆ ಕೇಳಲು ಬರಿಗೈಯಲ್ಲಿ ಹೋಗಬಾರದೆಂದು ಅಮೀನಗಡದಲ್ಲಿ ಕಿಟಕಿಯಿಂದಲೇ ಕರದಂಟಿನ ಪೊಟ್ಟಣ ಕೊಂಡ. ಹಲ್ಲಿನ ಡಾಕ್ಟರಿಗೆ ಕರದಂಟು ಒಯ್ಯುತ್ತಿರುವುದು ಹೊಳೆದದ್ದು ಶಿರೂರು ದಾಟಿದ ಮೇಲೆ.

ನವನಗರದ ದವಾಖಾನೆಯಲ್ಲಿ ಪರದೆ ಅರ್ಧ ಸರಿದಿತ್ತು. ಕುರ್ಚಿಯಲ್ಲಿ ದಾನಮ್ಮ ಎಂಬ ಮುದುಕಿ ಬಾಯಿ ತೆರೆದು ಒರಗಿದ್ದಳು. ಖುಶನುಮಾ ತಲೆಯೆತ್ತಿ ತೌಸಿಫನನ್ನು ನೋಡಿದಳು, ಪೊಟ್ಟಣವನ್ನು ನೋಡಿದಳು, ಮತ್ತೆ ಮುದುಕಿಯ ಬಾಯಿಗೆ ತಿರುಗಿದಳು.

"ಕುಂದರ್ರಿ. ಕೆಲಸ ಐತಿ."

ಹಲ್ಲಿಗೆ ಸಿಮೆಂಟು ತುಂಬಿಯಾಗಿತ್ತು. ಮೇಲಿನ ಹಲ್ಲು, ಕೆಳಗಿನ ಹಲ್ಲು ಸಮ ಕೂರುತ್ತವೋ ಎಂದು ನೋಡಲು ನಡುವೆ ನೀಲಿ ಕಾಗದ ಇಟ್ಟು ಕಚ್ಚಲು ಹೇಳಿದಳು. ದಾನಮ್ಮ ಕಚ್ಚಲಿಲ್ಲ.

"ಕಚ್ಚು ಆಯಿ."

"ಹೆಂಗ ಕಚ್ಚಲಿ ಯವ್ವಾ, ನಡುವ ನಿನ್ನ ಬೆರಳು ಐತಿ. ಮೊದಲು ಅದನ್ನ ತಗಿ. ನೀ ಒಳಗ ಕುಂತು ನೋಡಿದ್ರ ನನ್ನ ಹಲ್ಲು ಎಲ್ಲಿ ಕೂಡಬೇಕು?"

ಖುಶನುಮಾ ಬೆರಳು ತೆಗೆಯಲಿಲ್ಲ. ಹಾಗೇ ನಿಂತುಬಿಟ್ಟಳು. ನಿಧಾನಕ್ಕೆ ಪರದೆಯ ಕಡೆ ತಿರುಗಿದಳು.

"ತೌಸಿಫ್ ಭಾಯಿ. ತೂಕ ಮಾಡೂವಾಗ ನೀವು ಎಲ್ಲಿ ಕುಂದರ್ತೀರಿ?"

ತೌಸಿಫ ಬಾಯಿ ತೆರೆದ. ದಾನಮ್ಮನ ಬಾಯಿ ಮೊದಲೇ ತೆರೆದಿತ್ತು.

ಎಡಗಡೆಯ ಸೀಟು. ಪ್ರತಿ ಸಲವೂ. ಎಪ್ಪತ್ತು ಕಿಲೋ ದಾಟಿದ ದೇಹವನ್ನು ಹೊತ್ತುಕೊಂಡು, ಬಾಳೆಹಣ್ಣಿನ ಭಾರಕ್ಕೂ ಅಲುಗುವ ಕಾರಿನೊಳಗೆ, ಅಂಕಿಗಳು ಎಷ್ಟು ಚೆಂದ ಕೂಡಿಬಂದವೆಂದು ಹಿಗ್ಗುತ್ತ ಕೂತಿದ್ದ. ಕಾರನ್ನು ಅವನು ಹದಗೊಳಿಸಿದ್ದು ತಾನೂ ಅದರಲ್ಲಿರುವಂತೆ. ಅವನು ಇಳಿದರೆ ಎಡಭಾಗ ಹಗುರ; ಬ್ರೇಕ್ ಒತ್ತಿದರೆ ಎಡಗಡೆಯ ಗಾಲಿ ಜಾರುತ್ತದೆ.

"ಆ ತೂಕದ ಮಷಿನ್ ಹೊರಗ ನಿಂತು ನೋಡಾಕ ಬರಂಗಿಲ್ಲೇನು?" ಅವಳ ದನಿ ಮೆತ್ತಗಿತ್ತು.

"ಬರ್ತೈತ್ರಿ."

"ಮತ್ತ ಒಳಗ್ಯಾಕ ಕುಂತ್ರಿ? ಪುಣೆದಾಗ ಹಂಗ ಕಲಿಸ್ಯಾರೇನು?"

"ಇಲ್ರಿ." ಅವನು ಪೊಟ್ಟಣದ ದಾರವನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ಹೊರಗ ನಿಂತ್ರ... ನೀವು ಮಾತಾಡೂದು ಬರೋಬ್ಬರಿ ಕೇಳಸೂದಿಲ್ರಿ."

ಖುಶನುಮಾಳ ಮಾಸ್ಕಿನ ಮೇಲೆ ಕಣ್ಣುಗಳಷ್ಟೇ ಕಾಣುತ್ತಿದ್ದವು. ಅವು ಸಿಟ್ಟಾಗಿದ್ದವೋ, ನಗುತ್ತಿದ್ದವೋ, ತೌಸಿಫನಿಗೆ ತಿಳಿಯಲಿಲ್ಲ.

"ಯವ್ವಾ, ನಿಮ್ಮ ಮಾತು ಮುಗೀತಂದ್ರ ನನ್ನ ಬಾಯಿ ಮುಚ್ಚಲೇನು?" ಎಂದಳು ದಾನಮ್ಮ.

ಮರುದಿನ ಕಾರು ಪುಣೆಗೆ ಹೋಗಲಿಲ್ಲ, ಇಳಕಲ್ಲಿಗೆ ಬಂತು. ತೌಸಿಫ ಹೊರಗೆ ನಿಂತ. ಬಾಗಿಲೇ ಇಲ್ಲದ ಆ ಕಾರಿಗೆ ಅಂದು ಬಾಗಿಲು ಮುಚ್ಚಿದಂತಿತ್ತು. ಖುಶನುಮಾ ಕಥೆ ಹೇಳಲಿಲ್ಲ, ಅವನು ಕೇಳಲಿಲ್ಲ. ಖಾಲಿ ಸೀಟಿನ ಕಡೆ ನೋಡದೆ ಪಾನಾ ತಿರುಗಿಸಿದ. ಕೆಲಸ ಬೇಗ ಮುಗಿಯಿತು. ಮಾತಿಲ್ಲದಿದ್ದರೆ ಇಷ್ಟು ಬೇಗ ಮುಗಿಯುವ ಕೆಲಸವೆಂದು ಅವನಿಗೂ ಗೊತ್ತಿರಲಿಲ್ಲ.

ಒಬ್ಬಳೇ ಹೋಗಿ ಬಂದು, ಗ್ಯಾರೇಜಿನ ಮುಂದೆ ಬೇಕೆಂದೇ ಜೋರಾಗಿ ಬ್ರೇಕ್ ಒತ್ತಿದಳು. ಕಾರು ಅತ್ತಿತ್ತ ಹೊರಳದೆ, ಗಾಲಿ ಜಾರದೆ ನೆಟ್ಟಗೆ ನಿಂತಿತು.

"ಬರೋಬ್ಬರಿ," ಎಂದಳು. ಅಷ್ಟೇ. ಹೊರಟಳು.

ಸರಿಯಾದ ಕೆಲಸ ಇಷ್ಟು ಖಾಲಿ ಅನಿಸಬಹುದೆಂದು ಉಸ್ತಾದರು ಹೇಳಿಕೊಟ್ಟಿರಲಿಲ್ಲ. ಕೆಟ್ಟಿದ್ದಾಗ ಅವಳು ಬರುತ್ತಿದ್ದಳು. ಈಗ ಬರಲು ಕಾರಣವೇ ಇಲ್ಲ. ಕೊಯಿಮತ್ತೂರಿನಿಂದ ಒಂದು ಫೋಟೊ ಬಂತು. ಹೆಲ್ಮೆಟ್ಟಿನೊಳಗಿಂದ ಎರಡು ಕಣ್ಣು, ಹಿಂದೆ ಹಳದಿ ಕಾರು. ಮಾತು ಬರೆದಿರಲಿಲ್ಲ. ಅದನ್ನು ಅವನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದ. ಆ ಕಣ್ಣುಗಳು ಏನು ಹೇಳುತ್ತಿದ್ದವೆಂದು ಈಗಲೂ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಪರಿಚಯದ ಇಂಜಿನ್ ಸದ್ದು ಕೇಳಿತು. ಅಬ್ಬಾ ಅವನಿಗಿಂತ ಮೊದಲು ತಲೆಯೆತ್ತಿದರು.

ಖುಶನುಮಾ ಕಾರನ್ನು ನೇರ ತಕ್ಕಡಿಗಳ ಬಳಿ ತಂದು ನಿಲ್ಲಿಸಿದಳು. ಕೆನ್ನೆಯ ಮೇಲೆ ಅದೇ ಧೂಳು.

"ಗಾಡಿ ಸರಿ ಇಲ್ಲ."

ತೌಸಿಫ ಎಡಗಡೆಯ ಗಾಲಿಯತ್ತ ಬಗ್ಗಿದ. "ಟ್ರ್ಯಾಕಿನ್ಯಾಗ ಏನರೆ ಆತೇನ್ರಿ?"

"ಟ್ರ್ಯಾಕಿನ್ಯಾಗ ಬೆಣ್ಣಿ ಗತೆ ಓಡ್ತು. ಅದು ಒಬ್ಬರ ಸೆಟ್ಟಿಂಗ್. ಟ್ರ್ಯಾಕ್ ಮುಗೀತು, ಈಗ ರೋಡಿಗೆ ಬಂದೇನಿ." ಸ್ಕಾರ್ಫಿನ ಗಂಟು ಬಿಚ್ಚುತ್ತ, ಅವನನ್ನು ನೋಡದೆ ಹೇಳಿದಳು. "ರೋಡಿಗೆ ನನಗ ಮೊದಲಿನದ ಬೇಕು."

"ಮೊದಲಿನದು ತಪ್ಪಿತ್ತಲ್ರಿ."

"ತಪ್ಪು ಅಂದವರ್ಯಾರು? ಬಾಜೂಕ ಒಬ್ಬರು ಕಮ್ಮಿ ಇದ್ರು, ಅಷ್ಟ." ಈಗ ತಿರುಗಿ ನೋಡಿದಳು. ಮಾಸ್ಕ್ ಇರಲಿಲ್ಲ, ಹೆಲ್ಮೆಟ್ಟೂ ಇರಲಿಲ್ಲ. ಎಷ್ಟು ಹೆದರಿದ್ದಾಳೆಂದು ಮೊದಲ ಸಲ ಅವನಿಗೆ ಕಂಡಿತು. ತನ್ನಷ್ಟೇ. ಅವಳ ಎಡಗೈ ಖಾಲಿ ಸೀಟಿನ ಮೇಲಿನ ಧೂಳು ಒರೆಸುತ್ತಿತ್ತು.

ಅವನು ಕೈ ಒರೆಸಿಕೊಳ್ಳಲೂ ಮರೆತು ಹತ್ತಿ ಕೂತ. ಕೂತ ಮೇಲೆ ಹೊಳೆಯಿತು, ಪಾನಾ ಕೆಳಗೇ ಉಳಿದಿದೆ. ಏಳಹೋದ.

"ಈ ಸಲ ಇಳೀಬ್ಯಾಡ್ರಿ, ತೌಸಿಫ್," ಎಂದಳು ಖುಶನುಮಾ.

ಹೆಸರಿನ ಬೆನ್ನಿಗೇ ಬರಬೇಕಾದ 'ಭಾಯಿ'ಗಾಗಿ ಅವನು ಕಾದ. ಅದು ಬರಲಿಲ್ಲ.

ಬೇವಿನ ನೆರಳಿನಿಂದ ಇಬ್ರಾಹಿಂಸಾಬರು ಮೆಲ್ಲಗೆ ಎದ್ದು ಬಂದು, ನೆಲದ ಮೇಲಿದ್ದ ಪಾನಾ ಎತ್ತಿಕೊಂಡರು.

"ಹೇಳ್ರಿ," ಎಂದರು ಇಬ್ಬರಿಗೂ. "ಯಾವ ಗಾಲಿ, ಎಷ್ಟು ತಿರುವಲಿ?"