ಅಪ್‌ಡೇಟ್ ಆದ ಮೇಲಿನ ಮಂಗಳವಾರಗಳು

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಶ್ರವಣ ಪರೀಕ್ಷೆಯ ನನ್ನ ಕೋಣೆಗೆ ಬಂದ ಅವನು ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಅಪ್‌ಡೇಟ್ ಆಗಿಬಿಟ್ಟಿದೆ, ಡಾಕ್ಟ್ರೇ."

"ನಾನು ಡಾಕ್ಟರ್ ಅಲ್ಲ ಅಂತ ಎಷ್ಟು ಸಲ ಹೇಳ್ಬೇಕು? ಅಪ್‌ಡೇಟ್ ಮಾಡ್ಬೇಡಿ ಅಂತ ಚೀಟಿ ಬೇರೆ ಬರೆದುಕೊಟ್ಟಿದ್ದೆ!"

"ಚೀಟಿ ಜೇಬಲ್ಲೇ ಇದೆ ನೋಡಿ. ಫೋನ್ ತಾನಾಗಿ ಮಾಡ್ಕೊಂಡಿದೆ."

ಅವನು ಮುದ್ರಣಾಲಯದಲ್ಲಿ ಯಂತ್ರ ನಡೆಸುವವನು. ಹನ್ನೆರಡು ವರ್ಷಗಳ ಸದ್ದು ಅವನ ಕಿವಿಗಳಿಂದ ಸಣ್ಣ ದನಿಗಳನ್ನೆಲ್ಲ ಒಯ್ದಿತ್ತು. ಬರಿಗಿವಿಗೆ ಐವತ್ತೈದು ಡೆಸಿಬೆಲ್‌ಗಿಂತ ಕೆಳಗಿನ ಮಾತು ತಿಳಿಯುತ್ತಿರಲಿಲ್ಲ. ಫೆಬ್ರವರಿಯಲ್ಲಿ ನಾನೇ ಹಿಯರಿಂಗ್ ಏಡ್ ಕೂರಿಸಿದ್ದೆ. ಗದ್ದಲಕ್ಕೊಂದು, ಮಾತಿಗೊಂದು, ಫೋನಿಗೊಂದು ಎಂದು ಅದರ ಸೆಟ್ಟಿಂಗ್ ಬದಲಿಸಲು ಒಂದು ಆ್ಯಪ್ ಇತ್ತು. ಫೋನಿನ ಹೊಸ ವರ್ಷನ್‌ನಲ್ಲಿ ಅದು ತೆರೆಯುತ್ತಲೇ ಇರಲಿಲ್ಲ. ಹಳೆಯ ವರ್ಷನ್‌ಗೆ ಮರಳುವ ದಾರಿಯೂ ಇರಲಿಲ್ಲ. ಆ್ಯಪ್ ಸರಿಹೋಗುವ ತನಕ ಅವನು ವಾರಕ್ಕೊಮ್ಮೆ ಬಂದು ನನ್ನ ಕಂಪ್ಯೂಟರಿನಿಂದಲೇ ಸೆಟ್ಟಿಂಗ್ ಬದಲಿಸಿಕೊಳ್ಳಬೇಕು. ಆ್ಯಪ್ ಕೆಲಸ ಮಾಡುತ್ತಿದ್ದರೆ ಅವನ ಮುಂದಿನ ಭೇಟಿ ಒಂದು ವರ್ಷಕ್ಕೆ.

ಆ ಫೋನಿನಲ್ಲಿ ಆಟೋ ಅಪ್‌ಡೇಟ್ ಆಫ್ ಮಾಡಿದ್ದವಳು ನಾನೇ. ತಾನಾಗಿ ಆಗುವುದು ಸಾಧ್ಯವಿರಲಿಲ್ಲ. ಆದರೂ ಕೇಳಲಿಲ್ಲ.

ಮುಂದಿನ ವಾರ ರಿಸೆಪ್ಷನ್ ಅಕ್ಕ ಬಾಗಿಲಲ್ಲಿ ಇಣುಕಿದಳು. "ಮೇಡಂ, ನಿಮ್ಮ ಮಂಗಳವಾರ ಬಂದಿದೆ. ತಲೆ ಬೇರೆ ಬಾಚ್ಕೊಂಡು ಬಂದಿದೆ."

ಅವನ ಹೆಬ್ಬೆರಳಿನ ಉಗುರಿನಂಚಿಗೆ ನೀಲಿ ಶಾಯಿ. ಕೈಯಲ್ಲಿ, ಕತ್ತರಿಸಿ ಉಳಿದ ಕಾಗದಗಳನ್ನು ಹೊಲಿದು ಮಾಡಿದ ಪುಟ್ಟ ಪುಸ್ತಕ. "ನನ್ನ ಕಿವಿ ಲೆಕ್ಕ ಇದ್ರಲ್ಲೇ ಬರೀರಿ," ಎಂದ.

ಪರೀಕ್ಷೆಗೆ ಅವನು ಸದ್ದು ಬಾರದ ಗಾಜಿನ ಗೂಡಿನಲ್ಲಿ ಕೂರುತ್ತಾನೆ. ನಾನು ಹೊರಗೆ ಮೈಕಿನಲ್ಲಿ ಪಟ್ಟಿ ನೋಡಿ ಒಂದೊಂದೇ ಪದ ಹೇಳುತ್ತೇನೆ. ಕೇಳಿಸಿದ್ದನ್ನು ಅವನು ಹಾಗೇ ತಿರುಗಿ ಹೇಳಬೇಕು. ತುಟಿ ನೋಡಿ ಊಹಿಸಬಾರದೆಂದು ಬಾಯಿಗೆ ಕಾರ್ಡ್ ಅಡ್ಡ ಹಿಡಿಯುತ್ತೇನೆ.

"ಕಾರ್ಡ್ ಸ್ವಲ್ಪ ಇಳಿಸ್ರಿ."

"ಕಾಪಿ ಹೊಡಿಯೋ ಹಾಗಿಲ್ಲ."

"ಇರ್ಲಿ ಬಿಡಿ. ನಿಮ್ಮ ಕಣ್ಣು ಕಾಣ್ತಿದೆಯಲ್ಲ, ಅರ್ಧ ಉತ್ತರ ಅಲ್ಲೇ ಇದೆ."

ಮುಂದಿನ ಪದವನ್ನು ನಾನೇ ತಪ್ಪು ಓದಿದೆ.

ಆ ಗಾಜಿನ ಈಚೆ ಆಚೆ ಮಂಗಳವಾರಗಳು ತೇಲಿಹೋದವು. ಹೆಡ್‌ಫೋನಿನಲ್ಲಿ ಅವನ ಉಸಿರು ನನ್ನ ಕತ್ತಿನ ಬಳಿಯೇ ಇದ್ದಂತೆ ಕೇಳುತ್ತಿತ್ತು. 'ಮರ' ಎಂದರೆ 'ಮರ' ಎನ್ನುವ, 'ಹೂವು' ಎಂದರೆ 'ಹೂವು' ಎನ್ನುವ ಆ ದನಿಗಾಗಿ ವಾರದ ಉಳಿದ ಆರು ದಿನಗಳು ಕಾದು ಕೂತಿರುತ್ತಿದ್ದವು.

ಏಪ್ರಿಲ್ ನಾಲ್ಕರಂದು ಹಿಯರಿಂಗ್ ಏಡ್ ಕಂಪನಿಯಿಂದ ಮೇಲ್ ಬಂತು: ಆ್ಯಪ್ ಸರಿಹೋಗಿದೆ. ಅಂದೇ ಅವನಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಎಂಟನೇ ತಾರೀಕು ಅವನು ಬಂದಾಗ ಏನೂ ಅರಿಯದವಳಂತೆ ಕಂಪ್ಯೂಟರ್ ತೆರೆದೆ.

ಹೊರಡುವಾಗ ಅವನು ಹೇಳಿದ: "ಅಕ್ಕನ ಮಗಳು ನಿನ್ನೆ ಫೋನಲ್ಲಿ ಮೊದಲ್ನೇ ಸಲ 'ಮಾಮ' ಅಂದ್ಲಂತೆ. ನಂಗೆ ಕೇಳಿಸ್ಲೇ ಇಲ್ಲ. ಪರವಾಗಿಲ್ಲ, ಇನ್ನೊಂದ್ಸಲ ಅಂತಾಳೆ."

ಆ್ಯಪ್ ಇದ್ದಿದ್ದರೆ ಕೇಳಿಸುತ್ತಿತ್ತು.

ಹದಿನೈದನೇ ತಾರೀಕು ಅವನ ಫೋನ್ ಇಸಿದುಕೊಂಡು ಹೊಸ ಆ್ಯಪ್ ಹಾಕಿದೆ. ಏನೂ ಹೇಳದೆ ಗೂಡಿನಲ್ಲಿ ಕೂರಿಸಿದೆ. ಕಾರ್ಡ್ ಎತ್ತಿದೆ.

"ಕಿಟಕಿ."

"ಕಿಟಕಿ."

"ಆ್ಯಪ್ ಸರಿಹೋಗಿ ಹನ್ನೊಂದು ದಿನ ಆಯ್ತು."

"ಆ್ಯಪ್ ಸರಿಹೋಗಿ ಹನ್ನೊಂದು ದಿನ..." ಅವನ ಮಾತು ಅರ್ಧಕ್ಕೇ ನಿಂತಿತು.

"ಬೇಕಂತಲೇ ಹೇಳಲಿಲ್ಲ. ಹೇಳಿದ್ರೆ ನೀವು ಬರೋದು ನಿಲ್ಲುತ್ತೆ ಅಂತ. ಮಗು 'ಮಾಮ' ಅಂದಿದ್ದು ನನ್ನಿಂದ ತಪ್ಪಿಹೋಯ್ತು."

ಗಾಜಿನಾಚೆ ಅವನು ಉಗುರಿನ ಶಾಯಿ ಉಜ್ಜತೊಡಗಿದ. ಎದ್ದು ಹೋಗುತ್ತಾನೆಂದೇ ಅಂದುಕೊಂಡೆ.

"ಪಟ್ಟಿಯಲ್ಲಿ ಇಲ್ಲದ್ದು ನಾನೂ ಒಂದು ಹೇಳ್ಲಾ?" ಎಂದ. "ಫೋನ್ ತಾನಾಗಿ ಅಪ್‌ಡೇಟ್ ಆಗಿದ್ದಲ್ಲ. ನಿಮ್ಮ ಚೀಟಿ ಎದುರಿಗೆ ಇಟ್ಕೊಂಡೇ ಒತ್ತಿದೆ. ವರ್ಷಕ್ಕೊಂದ್ಸಲ ನಿಮ್ಮನ್ನ ನೋಡೋದು ಅಂದ್ರೆ ಹೇಗ್ರೀ?"

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ನಿದ್ರಾ? ಭಲೇ ಡಾಕ್ಟ್ರೇ!"

ಈ ಸಲ ನಾನು ತಿದ್ದಲಿಲ್ಲ.

"ಭಾನುವಾರ ನನ್ನ ಜೊತೆ ಅಕ್ಕನ ಮನೆಗೆ ಬನ್ನಿ," ಎಂದ. "ಮಗುಗೆ 'ಮಾಮ' ಅನ್ನೋಕೆ ಬರುತ್ತೆ. 'ಅತ್ತೆ' ಅನ್ನೋದನ್ನ ನೀವೇ ಕಲಿಸ್ಬೇಕು."

ಕಾರ್ಡಿನ ಹಿಂದೆ ನಗುತ್ತಿದ್ದ ತುಟಿ ನನ್ನ ಮಾತು ಕೇಳಲಿಲ್ಲ. ಆದರೆ ಪರೀಕ್ಷೆ ಮುಗಿದಿರಲಿಲ್ಲ. ದನಿಯನ್ನು ಐದೈದು ಡೆಸಿಬೆಲ್ ಇಳಿಸುತ್ತ ಹೋದೆ. ಮರ. ಹೂವು. ನೆರಳು. ಎಲ್ಲವನ್ನೂ ಅವನು ಸರಿಯಾಗಿ ಹೇಳಿದ. ಇನ್ನೊಂದು ಮೆಟ್ಟಿಲು ಇಳಿಸಿ, ಪಟ್ಟಿಯಲ್ಲಿಲ್ಲದ ಪದವೊಂದನ್ನು ಹೇಳಿದೆ.

"ಬರ್ತೀನಿ."

ಅವನು ಕಣ್ಣು ಮುಚ್ಚಿಕೊಂಡಿದ್ದ. "ಬರ್ತೀನಿ," ಎಂದ.

ಪುಟ್ಟ ಪುಸ್ತಕದಲ್ಲಿ ಬರೆದೆ: ಏಪ್ರಿಲ್ ಹದಿನೈದು, ತುಟಿ ನೋಡದೆ ಕೇಳಿಸಿಕೊಂಡ ಅತಿ ಮೆಲ್ಲನೆಯ ಮಾತು, ಮೂವತ್ತು ಡೆಸಿಬೆಲ್.